ಮೊದಲ ಬ್ಯಾಚಿನ ಓಪನ್ ಸೋರ್ಸ್ ಹ್ಯಾಂಡ್‌ಹೆಲ್ಡ್: ರೊಕ್ಕ ಕಟ್ಟೂಕಿಂತ ಮೊದಲ ಏನೇನು ಕೇಳಬೇಕು?

ಗುಮ್ಮಟ_ಪಿಕ್ಸೆಲ್, ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರೀ. ಒಂದು ಸಣ್ಣ ತಂಡ ಮಾಡಾಕತ್ತಿರೋ ಕೈಯಾಗ ಹಿಡಿಯೋ ಲಿನಕ್ಸ್ ಕಂಪ್ಯೂಟರಿನ ಮೊದಲ ಬ್ಯಾಚಿಗೆ ಪ್ರೀ-ಆರ್ಡರ್ ತೆರದೈತಿ. ಗುಂಪಿನ ನಿಯಮದಂಗ ಹೆಸರು, ಲಿಂಕ್ ಹಾಕಿಲ್ಲ. ವಿವರ ಇಷ್ಟು: ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4 (ಸಿಎಂ4, ಪ್ರೊಸೆಸರ್ ಎಲ್ಲಾ ಇರೋ ಸಣ್ಣ ಕಂಪ್ಯೂಟರ್ ಹಲಗಿ) ಕೂರೋ ಬೋರ್ಡ್, 5 ಇಂಚಿನ 720ಪಿ ಪರದೆ, ಪೂರ್ತಿ ಕೀಬೋರ್ಡ್, ಡಿ-ಪ್ಯಾಡ್ (ದಿಕ್ಕು ಒತ್ತೋ ಬಟನ್) ಮತ್ತ ನಾಲ್ಕು ಬಟನ್, ಎರಡು 18650 ಸೆಲ್ (ಚಾರ್ಜ್ ಮಾಡೋ ಗುಂಡಗಿನ ಲಿಥಿಯಂ-ಅಯಾನ್ ಸೆಲ್) ಹಾಕೋ ಜಾಗ, ಅಲ್ಯೂಮಿನಿಯಂ ಕವಚ, ಬೇಕಂದ್ರ 4ಜಿ ಕಾರ್ಡ್. ಕಿಟ್ ಆಗಿ ಬರ್ತೈತಿ, ನಾವ ಜೋಡಿಸ್ಕೋಬೇಕು. ಸೆಲ್ ಅವರು ಕೊಡೂದಿಲ್ಲ. ಮಾಡ್ಯೂಲ್ ಬ್ಯಾಡ ಅಂದ್ರ ಅದನ್ನ ಬಿಟ್ಟು ಕಡಿಮಿ ರೇಟಿಗೂ ಕೊಡ್ತಾರ.

ಪುಟದ ತುಂಬ "ಪೂರ್ತಿ ಓಪನ್ ಸೋರ್ಸ್" ಅಂತ ಬರದಾರ. ಆಡೂದು ಹಳೇ ಆಟ: ಸೂಪರ್ ನಿಂಟೆಂಡೊ, ಪ್ಲೇಸ್ಟೇಷನ್ 1, ಪಿಎಸ್‌ಪಿ. ಜೋಡಿಗೆ ಸ್ವಲ್ಪ ಪೈಥಾನ್, ಸ್ವಲ್ಪ ಕನ್ನಡ ಟೈಪಿಂಗ್.

ನನ್ನ ಪ್ರಶ್ನೆ: ಈ "ಓಪನ್" ಅನ್ನೂದನ್ನ ದುಡ್ಡು ಕಟ್ಟೂಕಿಂತ ಮುಂಚೆ ಹೆಂಗ ಪರೀಕ್ಷೆ ಮಾಡೂದು? ಬ್ಯಾಟರಿ ಎಷ್ಟು ತಾಸು ಬಂದೀತು, ನಮ್ಮ ಬ್ಯಾಸಗಿ ತಡದೀತ? ಮುಂದ ಕಂಪ್ಯೂಟ್ ಮಾಡ್ಯೂಲ್ 5 ಹಾಕಬಹುದಾ? ಕಸ್ಟಮ್ಸ್‌ನಾಗ ಏನೇನು ಬೀಳ್ತೈತಿ? ಮಾರಾವರಿಗೆ ಮೇಲ್ ಬರೀಬೇಕಂದ್ರ ಏನು ಕೇಳ್ಲಿ?

---

ಕಡಕ್‌ರೊಟ್ಟಿ, ಬಾಗಲಕೋಟೆ

ಮೊದಲ ಒಂದು ಮಾತು. ಮುಂದ ಬರ್ತೈತಿ ಅಂತ ಹೇಳಿದ್ದಕ್ಕ ರೊಕ್ಕ ಕೊಡಬ್ಯಾಡ್ರಿ. ರೊಕ್ಕ ಕಟ್ಟೋ ದಿನ ಅವರ ರೆಪಾಸಿಟರಿಯೊಳಗ (ಕೋಡ್, ನಕ್ಷೆ ಇಡೋ ಆನ್‌ಲೈನ್ ಜಾಗ) ಏನೈತಿ, ಅದಕ್ಕಷ್ಟ ಬೆಲೆ ಕಟ್ರಿ. ಇಂಥ ಯಂತ್ರದ ಇತಿಹಾಸ ನೋಡಿದ್ರ ಯಾಕ ಅನ್ನೂದು ತಿಳೀತೈತಿ.

ಪಂಡೋರಾ ಅಂತ ಒಂದು ಹ್ಯಾಂಡ್‌ಹೆಲ್ಡ್ ಇತ್ತು. 2008ರ ಸೆಪ್ಟೆಂಬರ್‌ನಾಗ ಪ್ರೀ-ಆರ್ಡರ್ ತೆರೀತು, ಪಾರ್ಸೆಲ್ ಹೊರಡಾಕ ಶುರು ಆಗಿದ್ದು 2010ರ ಮೇನಾಗ. ಅದರ ಓಮ್ಯಾಪ್ 3530 ಚಿಪ್, 600 ಮೆಗಾಹರ್ಟ್ಸಿನ ಕಾರ್ಟೆಕ್ಸ್ ಎ8, 256 ಎಂಬಿ ರ‍್ಯಾಮ್ 2008ರಾಗ ಕೈಯಾಗ ಹಿಡಿಯೋ ಯಂತ್ರಕ್ಕ ದೊಡ್ಡ ಮಾತು. ಆದ್ರ 2009ರ ಜೂನ್‌ನಾಗ ಐಫೋನ್ 3ಜಿಎಸ್ ಅದ ಮಟ್ಟದ ಸಿಪಿಯು, ಅಷ್ಟ ರ‍್ಯಾಮ್ ಹಿಡ್ಕೊಂಡು ಅಂಗಡಿಗೆ ಬಂದಿತ್ತು. ಅದರ ಮುಂದಿನ ಪೀಳಿಗೆ ಪೈರಾದ್ದು ಇನ್ನೂ ಲಂಬ ಕತಿ: ಆರ್ಡರ್ 2016ರಾಗ, ಗಿರಾಕಿ ಕೈಗೆ ಹೋಗಾಕ 2020ರ ಕೊನಿ. ಯಾರೂ ಮೋಸ ಮಾಡಿದ್ದಲ್ರಿ. ಸಣ್ಣ ತಂಡಕ್ಕ ಅಚ್ಚು, ಬೋರ್ಡ್, ಪರದೆ ಸರಬರಾಜು, ಒಂದೊಂದರಾಗೂ ತಿಂಗಳುಗಟ್ಟಲೆ ಹೋಗ್ತಾವ. ಹಿಂಗಾಗಿ ಒಂದೂವರೆ ವರ್ಷ ತಡ ಆದ್ರೂ ಈ ಯಂತ್ರ ನಿಮಗ ಬೇಕಾ ಅಂತ ಈಗ ಕೇಳ್ಕೋರಿ. ನಿಮ್ಮ ಆಟ ಎಲ್ಲಾ ಹಳೇವು, ಅದಕ್ಕ ಉತ್ತರ ಹೌದು ಅಂತನ ಬರಬಹುದು.

ಈಗ "ಓಪನ್" ಅನ್ನೂದರ ಪರೀಕ್ಷೆ. ಅದು ಒಂದ ಬೀಗ ಅಲ್ಲ, ಮೂರ್ನಾಕು ಬೀಗ.

ಕರ್ನಲ್, ಅಂದ್ರ ಲಿನಕ್ಸಿನ ತಿರುಳು, ಮೊದಲ ನೋಡ್ರಿ. ಲಿನಕ್ಸ್ ಕರ್ನಲ್ ಜಿಪಿಎಲ್ ಆವೃತ್ತಿ 2 ಅನ್ನೋ ಲೈಸೆನ್ಸಿನ ಕೆಳಗ ಬರೂದರಿಂದ, ಇಮೇಜ್ (ಸಿದ್ಧ ಸಿಸ್ಟಂ ಫೈಲ್) ಹಂಚಾವರು ಮೂಲ ಕೋಡ್ ಕೊಡಾಕಬೇಕು. ಕೋಡ್ ಹಾಕೀವಿ ಅಂದಕೂಡ್ಲೆ ನಂಬಬ್ಯಾಡ್ರಿ. ಅದರೊಳಗ ಈ ಯಂತ್ರದ ಡಿವೈಸ್ ಟ್ರೀ ಫೈಲ್ (ಯಾವ ಚಿಪ್ ಎಲ್ಲೈತಿ ಅಂತ ಕರ್ನಲ್ಲಿಗೆ ಹೇಳೋದು), ಪರದೆಯ ಡ್ರೈವರ್, ಚಾರ್ಜಿಂಗ್ ಚಿಪ್ಪಿನ ಡ್ರೈವರ್ ಬ್ಯಾರೆ ಬ್ಯಾರೆ ಕಮಿಟ್ (ದಾಖಲಾದ ಬದಲಾವಣೆ) ಆಗಿ ಕಾಣ್ತಾವೇನು? ಇಲ್ಲಾ ಹತ್ತು ಸಾವಿರ ಫೈಲ್ ಒಂದ ಕಮಿಟ್‌ನಾಗ ಸುರದಾರೇನು? ಎರಡನೇದು ಇದ್ರ ಹೊಸ ಕರ್ನಲ್ಲಿಗೆ ಆ ಬದಲಾವಣೆ ಹೊತ್ತೊಯ್ಯೂದು ಯಾರಿಂದಲೂ ಆಗೂದಿಲ್ಲ. ಎರಡು ವರ್ಷ ಬಿಟ್ಟು ಡೆಬಿಯನ್ ಅನ್ನೋ ಲಿನಕ್ಸ್ ಮುಂದ ಹೋಗಿರ್ತೈತಿ, ನೀವು ಹಳೇ ಇಮೇಜಿನಾಗ ಸಿಕ್ಕೊಂಡಿರ್ತೀರಿ. ಸಾಧ್ಯ ಆದ್ರ ಆ ಕರ್ನಲ್ ಈಗ ನಿಮ್ಮ ಲ್ಯಾಪ್‌ಟಾಪಿನಾಗ ಕ್ರಾಸ್-ಕಂಪೈಲ್ (ಆ ಯಂತ್ರಕ್ಕಂತ ಇಲ್ಲೇ ಕಟ್ಟೂದು) ಮಾಡಿ ನೋಡ್ರಿ. ಯಂತ್ರ ಕೈಯಾಗ ಇಲ್ದನೂ ಮಾಡಬಹುದಾದ ಪರೀಕ್ಷೆ ಇದು, ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಗ್ರಾಫಿಕ್ಸ್. ಪೈರಾದ ಓಮ್ಯಾಪ್ 5ರಾಗ ಪವರ್‌ವಿಆರ್ ಎಸ್‌ಜಿಎಕ್ಸ್544 ಐತಿ, ಅದರ ಯೂಸರ್‌ಸ್ಪೇಸ್ ಡ್ರೈವರ್ ಮುಚ್ಚಿದ್ದು. ಮುಚ್ಚಿದ ಡ್ರೈವರ್ ಕರ್ನಲ್ ಆವೃತ್ತಿಗೆ ಗಂಟು ಬಿದ್ದಿರ್ತೈತಿ. ಕರ್ನಲ್ ಏರಿಸಿದ್ರ 3ಡಿ ಹೋಗ್ತೈತಿ. ನಿಮ್ಮ ಯಂತ್ರ ಈ ವಿಷಯದಾಗ ಪುಣ್ಯವಂತ. ಸಿಎಂ4ನ ಗ್ರಾಫಿಕ್ಸ್ ಭಾಗ ವಿಡಿಯೊಕೋರ್ 6ಕ್ಕ ಮೆಸಾ ಅನ್ನೋ ಓಪನ್ ಗ್ರಾಫಿಕ್ಸ್ ಸಂಗ್ರಹದೊಳಗ ಓಪನ್ ಡ್ರೈವರ್ ಅದಾವ, ಓಪನ್‌ಜಿಎಲ್ ಇಎಸ್ 3.1 ಮತ್ತ ವಲ್ಕನ್ ಎರಡೂ ನಡೀತಾವ. ಆದ್ರ ಬೂಟ್ ಮಾಡೋ ಫರ್ಮ್‌ವೇರ್ (ಚಿಪ್ಪಿನೊಳಗ ಓಡೋ ಕೋಡ್) ಮುಚ್ಚಿದ್ದ, ವೈಫೈ ಚಿಪ್ಪಿನ ಫರ್ಮ್‌ವೇರೂ ಮುಚ್ಚಿದ್ದ. ಅಂದಮ್ಯಾಲ "ಪೂರ್ತಿ ಓಪನ್" ಅಂತ ಬರದಿದ್ದು ಲೆಕ್ಕದ ಪ್ರಕಾರ ಸುಳ್ಳು. ಅಷ್ಟಕ್ಕ ಯಂತ್ರ ಕೈಬಿಡೂದು ಬ್ಯಾಡ, ಮಾರಾವರಿಗೆ ಒಂದು ಮಾರ್ಕು ಕಡಿಮಿ ಹಾಕ್ರಿ.

ಕೀಬೋರ್ಡ್ ಮೈಕ್ರೊಕಂಟ್ರೋಲರಿನ ಕೋಡ್ ಕೇಳೂದನ್ನ ಯಾರೂ ನೆನಪಿಡೂದಿಲ್ಲ. ಡಿ-ಪ್ಯಾಡ್ ಜಾಯ್‌ಸ್ಟಿಕ್ ಆಗಿ ಕಾಣಬೇಕಾ ಬಾಣದ ಕೀ ಆಗಿ ಕಾಣಬೇಕಾ, ಯುಎಸ್‌ಬಿ ಪೋಲಿಂಗ್ (ಸೆಕೆಂಡಿಗೆ ಎಷ್ಟು ಸಲ ಬಟನ್ ನೋಡೂದು) ಎಷ್ಟು, ಎಲ್ಲಾ ಅಲ್ಲೇ ಐತಿ. 125 ಹರ್ಟ್ಸ್ ಪೋಲಿಂಗ್ ಅಂದ್ರ ಬಟನ್ ಒತ್ತಿದ್ದು ತಲಪಾಕ 8 ಮಿಲಿಸೆಕೆಂಡಿನ ತನಕ ತಡ. ಆ ಕೋಡ್ ಕೈಯಾಗ ಇದ್ರ 1000ಕ್ಕ ಏರಿಸ್ಕೋಬಹುದು.

ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಪಿಡಿಎಫ್ ಸಾಕು, ರಿಪೇರಿಗೆ. ಪಿಸಿಬಿ ಲೇಔಟ್ ಫೈಲನೂ ಕೊಟ್ರ ಹಬ್ಬ.

ಆಟದ ವಿಷಯ ಬೇಗ ಮುಗಸ್ತೀನಿ. ಸೂಪರ್ ನಿಂಟೆಂಡೊ, ಪಿಎಸ್1 ರೆಟ್ರೊಆರ್ಕ್ ಅನ್ನೋ ಎಮ್ಯುಲೇಟರ್‌ನಾಗ (ಹಳೇ ಯಂತ್ರದ ನಕಲು ಮಾಡೋ ತಂತ್ರಾಂಶ) ಪೂರ್ತಿ ವೇಗ. ಪಿಎಸ್‌ಪಿ ಮೂಲ ರೆಸಲ್ಯೂಷನ್‌ನಾಗ ಬಹುತೇಕ ಆಟ ಸರಿ, ಭಾರಿ 3ಡಿ ಆಟಕ್ಕ ಫ್ರೇಮ್‌ಸ್ಕಿಪ್ (ನಡುನಡುವ ಚಿತ್ರ ಬಿಡೂದು) ಬೇಕು. ನಿಂಟೆಂಡೊ 64 ಆಟದ ಮ್ಯಾಲ ಹೋಗ್ತೈತಿ. ಪಿಎಸ್2, ಗೇಮ್‌ಕ್ಯೂಬ್ ಮರತುಬಿಡ್ರಿ. ಸ್ಟೀಮ್ ಆಟ ಬಾಕ್ಸ್64 (ಪಿಸಿ ಪ್ರೋಗ್ರಾಂ ಇಂಥ ಚಿಪ್ಪಿನಾಗ ಓಡಿಸೋ ತಂತ್ರಾಂಶ) ಮ್ಯಾಲ ಓಡಿಸ್ತೀವಿ ಅಂತ ವಿಡಿಯೋದಾಗ ತೋರಸ್ತಾರಲ್ಲ, ಸಣ್ಣ 2ಡಿ ಆಟ ಬಿಟ್ರ ಅದು ತೋರಿಕಿ ಅಷ್ಟ.

---

ಉದ್ಯಮಬಾಗ್_ವರ್ನಿಯರ್, ಬೆಳಗಾವಿ

ಸಾಫ್ಟ್‌ವೇರ್ ಮೇಲಿನವರು ಹೇಳಿದ್ದಾರೆ. ನಾನು ಲೋಹ, ಸೆಲ್, ಬಿಸಿ ಬಗ್ಗೆ ಬರೆಯುತ್ತೇನೆ.

ಮಾರುವವರು ಸೆಲ್ ಕೊಡದಿರುವುದು ಜಿಪುಣತನವಲ್ಲ. ಬಿಡಿ ಲಿಥಿಯಂ-ಅಯಾನ್ ಸೆಲ್‌ಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರಿಂದ ನಿಷೇಧಿಸಲಾಗಿದೆ. ಇಲ್ಲಿಯೇ ಕೊಳ್ಳಬೇಕು, ನಿಜವಾದ ಗಂಡಾಂತರ ಇರುವುದೂ ಇಲ್ಲಿಯೇ. 18650 ಅಳತೆಯ ಒಳ್ಳೆಯ ಸೆಲ್‌ನ ಸಾಮರ್ಥ್ಯ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. 6800, 9800 ಎಂದು ಮುದ್ರಿಸಿದ್ದರೆ ನಕಲಿ ಎಂದು ಕಣ್ಣುಮುಚ್ಚಿ ಹೇಳಬಹುದು. ತಕ್ಕಡಿಗೆ ಹಾಕಿ: ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, 30 ಗ್ರಾಂ ತೂಗಿದರೆ ವಾಪಸ್ ಕೊಡಿ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಗುಜರಿ ಸೆಲ್ ಬೇಡವೇ ಬೇಡ.

ಉದ್ದ ಇನ್ನೊಂದು ತೊಡಕು. ಹೆಸರಿನಲ್ಲಿರುವ 65 ಎಂದರೆ 65 ಮಿಲಿಮೀಟರ್. ಒಳಗೆ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ 68ರಿಂದ 70 ಮಿಮೀ ಇರುತ್ತದೆ, ಹೋಲ್ಡರಿನಲ್ಲಿ ಕೂರುವುದಿಲ್ಲ. ಒತ್ತಿ ಕೂರಿಸಿದರೆ ತಗಡಿನ ಸ್ಪ್ರಿಂಗ್ ಬಾಗುತ್ತದೆ. ಆದ್ದರಿಂದ ಮಾರುವವರನ್ನು ಕೇಳಬೇಕಾದ್ದು: ರಕ್ಷಣೆ ಇಲ್ಲದ ಚಪ್ಪಟೆ ತಲೆಯ ಸೆಲ್ಲೇ ಬೇಕೆ? ಹಾಗಿದ್ದರೆ ಅತಿ ಡಿಸ್ಚಾರ್ಜ್, ಶಾರ್ಟ್, ಉಲ್ಟಾ ಹಾಕಿದಾಗಿನ ರಕ್ಷಣೆ ಬೋರ್ಡಿನ ಮೇಲಿದೆಯೇ? ಸ್ಕೀಮ್ಯಾಟಿಕ್‌ನಲ್ಲಿ ಅದನ್ನು ತೋರಿಸಿ. "ಇದೆ" ಎಂಬ ಒಂದು ಪದದ ಉತ್ತರ ಒಪ್ಪಿಕೊಳ್ಳಬೇಡಿ.

ಎರಡು ಸೆಲ್ ಸಮಾನಾಂತರವಾಗಿದ್ದರೆ ಹಾಕುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. ಒಂದು 4.2 ವೋಲ್ಟ್, ಇನ್ನೊಂದು 3.5 ಇದೆ ಎಂದುಕೊಳ್ಳಿ. ವ್ಯತ್ಯಾಸ 0.7 ವೋಲ್ಟ್, ಎರಡರ ಒಳರೋಧ ಮತ್ತು ಸಂಪರ್ಕದ ರೋಧ ಸೇರಿ 0.1 ಓಮ್ ಎಂದರೂ 7 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ, ಯಂತ್ರ ಆನ್ ಮಾಡುವ ಮೊದಲೇ. ವ್ಯತ್ಯಾಸ 0.05 ವೋಲ್ಟಿಗಿಂತ ಕಡಿಮೆ ಇರಲಿ. ಎರಡನ್ನೂ ಒಂದೇ ದಿನ, ಒಂದೇ ಬ್ಯಾಚಿನಿಂದ ಕೊಳ್ಳಿ, ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿಯೇ ಹಾಕಿ.

ಎಷ್ಟು ಗಂಟೆ ಬರುತ್ತದೆ? 3500 ಎಂಎಎಚ್ ಎರಡು, 3.6 ವೋಲ್ಟಿನಲ್ಲಿ 25.2 ವಾಟ್-ಅವರ್. 5 ವೋಲ್ಟಿಗೆ ಏರಿಸುವಾಗ ಸುಮಾರು ಶೇ 15 ನಷ್ಟ, ಉಳಿದದ್ದು 21. ಪರದೆ ಮಧ್ಯಮ ಬೆಳಕಿನಲ್ಲಿಟ್ಟು ಎಮ್ಯುಲೇಟರ್ ಓಡಿಸಿದರೆ ಇಂಥ ಯಂತ್ರ 5 ವಾಟ್ ಆಚೀಚೆ ತಿನ್ನುತ್ತದೆ. ಅಂದರೆ ನಾಲ್ಕು ಗಂಟೆ ಚಿಲ್ಲರೆ. ಪುಟದಲ್ಲಿ ಹತ್ತು ಗಂಟೆ ಎಂದಿದ್ದರೆ ಯಾವ ಕೆಲಸ ಮಾಡುವಾಗ ಎಂದು ಕೇಳಿ. ಬಹುಶಃ ಪರದೆ ಆರಿಸಿಟ್ಟಾಗ.

ಇನ್ನೊಂದು ಸಂಗತಿ ಪ್ರಚಾರದ ಪುಟಗಳಲ್ಲಿ ಎಲ್ಲೂ ಬರುವುದಿಲ್ಲ: ಸಿಎಂ4 ನಿದ್ರೆಗೆ ಹೋಗುವುದಿಲ್ಲ. ಸಸ್ಪೆಂಡ್-ಟು-ರ‍್ಯಾಮ್ ಬೆಂಬಲ ಅದರಲ್ಲಿಲ್ಲ. ಫೋನಿನಂತೆ ಬಟನ್ ಒತ್ತಿ ಜೇಬಿಗೆ ಹಾಕಿದರೆ ಒಳಗೆ ಓಡುತ್ತಲೇ ಇರುತ್ತದೆ, ಬಿಸಿಯಾಗುತ್ತಲೇ ಇರುತ್ತದೆ. ಆಟವನ್ನು ಸೇವ್‌ಸ್ಟೇಟ್‌ಗೆ ಹಾಕಿ ಶಟ್‌ಡೌನ್ ಮಾಡುವ ಅಭ್ಯಾಸ ಬೇಕು. ಬಸ್ಸಿನಲ್ಲಿ ಐದೈದು ನಿಮಿಷ ಆಡುವವರಿಗೆ ಇದು ಸಣ್ಣ ಕಿರಿಕಿರಿಯಲ್ಲ.

ಬೇಸಿಗೆ: ವಿಜಯಪುರದ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಲಿಥಿಯಂ-ಅಯಾನ್ ಸೆಲ್ ಚಾರ್ಜ್ ಮಾಡುವ ಸಾಮಾನ್ಯ ಮಿತಿ 45. ಯಂತ್ರದ ಒಳಗಿನ ಬಿಸಿ ಸೇರಿದರೆ ಆಡುತ್ತಾ ಚಾರ್ಜ್ ಮಾಡುವುದು ಈ ಮಿತಿ ದಾಟುವುದಕ್ಕೆ ಹೆಚ್ಚು ಹೊತ್ತು ಬೇಡ. ಬ್ಯಾಟರಿ ಬಳಿ ಥರ್ಮಿಸ್ಟರ್ (ಬಿಸಿ ಅಳೆಯುವ ಭಾಗ) ಇದೆಯೇ, ಬಿಸಿಯಾದಾಗ ಚಾರ್ಜಿಂಗ್ ನಿಲ್ಲುತ್ತದೆಯೇ ಎಂದು ಕೇಳಿ. ಇಲ್ಲವಾದರೆ ರಾತ್ರಿ ಆರಿಸಿಟ್ಟು ಚಾರ್ಜ್ ಮಾಡಿ.

ಪ್ರೊಸೆಸರ್ 80 ಡಿಗ್ರಿಗೆ ಬಂದಾಗ ತಾನಾಗಿಯೇ ವೇಗ ಇಳಿಸುತ್ತದೆ. ಅಲ್ಯೂಮಿನಿಯಂ ಕವಚ ಒಳ್ಳೆಯ ಹೀಟ್‌ಸಿಂಕ್, ಆದರೆ ಚಿಪ್ಪಿಗೂ ಕವಚಕ್ಕೂ ನಡುವೆ ಥರ್ಮಲ್ ಪ್ಯಾಡ್ ನಿಜವಾಗಿ ತಾಗಿದರೆ ಮಾತ್ರ. ಮೊದಲ ಬ್ಯಾಚುಗಳಲ್ಲಿ ಪ್ಯಾಡ್ ಅರ್ಧ ಮಿಲಿಮೀಟರ್ ತೆಳ್ಳಗಿದ್ದು ಗಾಳಿಯಲ್ಲಿ ತೇಲುವುದುಂಟು. ಪತ್ತೆ ಸುಲಭ: ಚಿಪ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಕ್ಕಳ ಕ್ಲೇ ಒಂದು ಚೂರು ಇಟ್ಟು ಕವಚ ಮುಚ್ಚಿ, ಬಿಚ್ಚಿ, ಕ್ಲೇಯ ದಪ್ಪ ವರ್ನಿಯರ್‌ನಲ್ಲಿ ಅಳೆಯಿರಿ. 1.2 ಮಿಮೀ ಬಂದರೆ 1.5 ಮಿಮೀ ಪ್ಯಾಡ್ ತನ್ನಿ. ಮೃದು ಪ್ಯಾಡ್ ಅಷ್ಟು ಒತ್ತಿಕೊಳ್ಳುತ್ತದೆ.

ಅದೇ ಅಲ್ಯೂಮಿನಿಯಂ ವೈಫೈಗೆ ಶತ್ರು. ಸಿಎಂ4ನ ಆಂಟೆನಾ ಬೋರ್ಡಿನ ಮೇಲೇ ಅಚ್ಚಾಗಿದೆ, ಲೋಹದ ಡಬ್ಬಿಯೊಳಗೆ ಅದು ಕುರುಡು. ಪಕ್ಕದಲ್ಲಿರುವ ಪುಟ್ಟ ಗುಂಡು ಕನೆಕ್ಟರಿಗೆ ಹೊರ ಆಂಟೆನಾ ಜೋಡಿಸಿದರಷ್ಟೇ ಸಾಲದು, ಬೂಟ್ ವಿಭಾಗದ ಕಾನ್ಫಿಗ್ ಫೈಲಿನಲ್ಲಿ ಎರಡನೇ ಆಂಟೆನಾ ಆರಿಸುವ ಸಾಲೂ ಬೇಕು. ಅದಿಲ್ಲದಿದ್ದರೆ ಮಾಡ್ಯೂಲ್ ಒಳಗಿನ ಆಂಟೆನಾವನ್ನೇ ಬಳಸುತ್ತದೆ. ಪಕ್ಕದ ಕೋಣೆಗೆ ಹೋದರೆ ವೈಫೈ ಸತ್ತಿತು ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಈ ಒಂದು ಸಾಲೇ ಕಾರಣ.

ಮಾಡ್ಯೂಲ್ ಬೇರೆ ಕೊಳ್ಳುವುದಾದರೆ ಸಂಖ್ಯೆ ನೋಡಿ. ಸಿಎಂ4104000 ಎಂದರೆ ವೈಫೈ ಇದೆ, 4 ಜಿಬಿ ರ‍್ಯಾಮ್, ಇಎಂಎಂಸಿ (ಬೋರ್ಡಿಗೇ ಬೆಸೆದ ಸಂಗ್ರಹ ಚಿಪ್) ಇಲ್ಲ. ಸಿಎಂ4 ನಂತರದ ಅಂಕಿ 0 ಆಗಿದ್ದರೆ ವೈಫೈ ಇಲ್ಲ. ಕೊನೆಯ ಮೂರಂಕಿ 032 ಆಗಿದ್ದರೆ 32 ಜಿಬಿ ಇಎಂಎಂಸಿ ಇದೆ. ಆಗ ಯಂತ್ರದ ಮೈಕ್ರೊಎಸ್‌ಡಿ ಸ್ಲಾಟ್ ಕೆಲಸ ಮಾಡುವುದಿಲ್ಲ, ಎರಡಕ್ಕೂ ತಂತಿ ಒಂದೇ. ಕಾರ್ಡ್ ಬದಲಿಸಿ ಬದಲಿಸಿ ಬೇರೆ ಬೇರೆ ವ್ಯವಸ್ಥೆ ಹಾಕಿ ನೋಡುವ ಆಸೆ ಇದ್ದರೆ ಇಎಂಎಂಸಿ ಇಲ್ಲದ್ದನ್ನೇ ತೆಗೆದುಕೊಳ್ಳಿ.

ಸಿಎಂ5 ಹಾಕಬಹುದೇ? ಕನೆಕ್ಟರಿಗೆ ಕೂರುತ್ತದೆ, ಅಷ್ಟಕ್ಕೇ ಹಿಗ್ಗಬೇಡಿ. ಸಿಎಂ4ನಲ್ಲಿ ಎರಡು ಲೇನಿನ ಡಿಎಸ್‌ಐ 0 (ಪರದೆಯ ಜೋಡಣೆ) ಮತ್ತು ಸಿಎಸ್‌ಐ 0 (ಕ್ಯಾಮೆರಾ ಜೋಡಣೆ) ಇದ್ದ ಪಿನ್‌ಗಳಲ್ಲಿ ಸಿಎಂ5 ಯುಎಸ್‌ಬಿ 3.0 ಕೊಟ್ಟಿದೆ. ಯಂತ್ರದ ಪರದೆ ಡಿಎಸ್‌ಐ 0ಗೆ ಜೋಡಣೆಯಾಗಿದ್ದರೆ ಸಿಎಂ5ನಲ್ಲಿ ಕಪ್ಪು ಪರದೆಯೇ ಗತಿ; ಡಿಎಸ್‌ಐ 1 ಆಗಿದ್ದರೆ ಡ್ರೈವರ್ ಬರೆದರೆ ಆದೀತು. ಜೊತೆಗೆ ವಿದ್ಯುತ್: ನಾಲ್ಕು ಕಾರ್ಟೆಕ್ಸ್ ಎ76 ಕೋರ್ 2.4 ಗಿಗಾಹರ್ಟ್ಸ್‌ನಲ್ಲಿ ಓಡುವಾಗ 5 ವೋಲ್ಟ್ ಕನ್ವರ್ಟರ್ ಎಷ್ಟು ಆಂಪಿಯರ್ ಕೊಡಬಲ್ಲದು? ಸಾಲದಿದ್ದರೆ ಆಟದ ನಡುವೆ ಯಂತ್ರ ಥಟ್ಟನೆ ಮರುಬೂಟ್ ಆಗುತ್ತದೆ. ಇವೆರಡಕ್ಕೂ ಉತ್ತರ ಸ್ಕೀಮ್ಯಾಟಿಕ್‌ನಲ್ಲಿರುತ್ತದೆ, ಪ್ರಚಾರದ ಪುಟದಲ್ಲಿ ಅಲ್ಲ.

---

ಗುಮ್ಮಟ_ಪಿಕ್ಸೆಲ್, ವಿಜಯಪುರ

ನಿದ್ದಿ ಮಾಡೂದಿಲ್ಲ ಅನ್ನೂದು ಗೊತ್ತಿರ್ಲಿಲ್ರಿ. ಇನ್ನೊಂದು: ಅವರ ಡೆಮೊ ವಿಡಿಯೋದಾಗ ಒಂದು ಆಟ ತೆರದಾಗ ಪರದೆ ಒಂದು ಕ್ಷಣ ಅಡ್ಡ ಬಿದ್ದಂಗ ಕಾಣ್ತು. ಅದು ದೋಷನ? ಮತ್ತ ದೋಸ್ತನೂ ಒಂದು ತರಿಸ್ತೀನಿ ಅಂದಾನ, ಎರಡೂ ಒಂದ ಪಾರ್ಸೆಲ್‌ನಾಗ ತರಿಸಿದ್ರ ಕೊರಿಯರ್ ಉಳೀತೈತಲ್ಲ?

---

ಕಡಕ್‌ರೊಟ್ಟಿ, ಬಾಗಲಕೋಟೆ

ದೋಷ ಅಲ್ಲ, ಅಗ್ಗದ ಪರದೆಯ ಸ್ವಭಾವ. 5 ಇಂಚಿನ ಇಂಥ ಪರದೆ ಬಹುತೇಕ ಫೋನಿಗೆ ಮಾಡಿದ್ದು, ಅದರ ನಿಜವಾದ ರೂಪ 720 ಅಡ್ಡ, 1280 ಉದ್ದ. ಯಂತ್ರದಾಗ ಅದನ್ನ ಹೊರಳಿಸಿ ಕೂರಿಸಿರ್ತಾರ. ಡೆಸ್ಕ್‌ಟಾಪ್ ಒಳಗ ಕಾಂಪೋಸಿಟರ್ (ವಿಂಡೊ ಜೋಡಿಸಿ ತೋರಸೋ ತಂತ್ರಾಂಶ) ತಿರುಗಿಸಿ ಕೊಡ್ತೈತಿ. ಡೆಸ್ಕ್‌ಟಾಪ್ ಇಲ್ದ ನೇರ ಕೆಎಂಎಸ್ (ಕರ್ನಲ್ಲಿನ ಪರದೆ ವ್ಯವಸ್ಥೆ) ಮ್ಯಾಲ ಓಡೋ ಆಟ ಅಡ್ಡ ಮಲಗ್ತಾವ. ರೆಟ್ರೊಆರ್ಕ್‌ನಾಗ ತಿರುಗಿಸೋ ಆಯ್ಕೆ ಐತಿ, ಎಲ್ಲಾ ಆಟಕ್ಕ ಇಲ್ಲ. ಮಾರಾವರನ್ನ ಕೇಳ್ರಿ: ಪರದೆ ಮೂಲತಃ ಲ್ಯಾಂಡ್‌ಸ್ಕೇಪಾ ಪೋರ್ಟ್ರೇಟಾ?

ಧ್ವನಿದೂ ಒಂದು ಸಾಲು ಸೇರಿಸ್ರಿ. ಸಿಎಂ4ನಾಗ ಹೆಡ್‌ಫೋನ್ ಜಾಕ್ ಇಲ್ಲ. ಬೋರ್ಡಿನಾಗ ಐ2ಎಸ್ ಕೋಡೆಕ್ (ಧ್ವನಿಗಂತ ಇರೋ) ಚಿಪ್ ಹಾಕ್ಯಾರೋ, ಪಿಡಬ್ಲ್ಯೂಎಂ (ಆನ್-ಆಫ್ ಮಿಡಿತದಿಂದ ಧ್ವನಿ ಮಾಡೋ ಅಗ್ಗದ ದಾರಿ) ಪಿನ್ನಿನಿಂದ ಧ್ವನಿ ತಗದಾರೋ? ಪಿಡಬ್ಲ್ಯೂಎಂ ಆಗಿದ್ರ ಇಯರ್‌ಫೋನ್ ಹಾಕಿದಾಗ ಸುಯ್ ಅನ್ನೂದು ಕೇಳ್ತೈತಿ.

---

ಮೋಡೆಮ್_ಮಾವ, ಬೆಳಗಾವಿ

ಎರಡು ಒಟ್ಟಿಗೆ ತರಿಸಬೇಡಿ. 2023ರ ಆಗಸ್ಟ್ 3ರ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅಧಿಸೂಚನೆ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಅತಿ ಸಣ್ಣ ಗಾತ್ರದ ಕಂಪ್ಯೂಟರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. ಅಂಚೆ ಅಥವಾ ಕೊರಿಯರ್‌ನಲ್ಲಿ ಬರುವ ಒಂದು ಯಂತ್ರಕ್ಕೆ ಅದರಲ್ಲೇ ವಿನಾಯಿತಿ ಕೊಟ್ಟಿದ್ದಾರೆ, ಸುಂಕ ಕಟ್ಟಬೇಕು ಎಂಬ ಷರತ್ತಿನೊಂದಿಗೆ. ಒಂದು ಎಂದರೆ ಒಂದೇ. ಕೊರಿಯರ್ ಉಳಿಸಲು ಹೋಗಿ ಎರಡೂ ಕಸ್ಟಮ್ಸ್‌ನಲ್ಲಿ ಕೂತರೆ ದೋಸ್ತಿಯೂ ಅಲ್ಲೇ ಕೂರುತ್ತದೆ.

ಸುಂಕದ ಲೆಕ್ಕ ಯಂತ್ರದ ಬೆಲೆಯ ಮೇಲಷ್ಟೇ ಅಲ್ಲ. ಬೆಲೆ, ಸಾಗಣೆ, ವಿಮೆ ಮೂರರ ಮೊತ್ತದ ಮೇಲೆ. ಅದಕ್ಕೆ ಮೂಲ ಸುಂಕ, ಮೂಲ ಸುಂಕದ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್, ಇವೆಲ್ಲ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ಅಂದರೆ ತೆರಿಗೆಯ ಮೇಲೆ ತೆರಿಗೆ. ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಬೇರೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಆ ವಾರದ ದರವನ್ನೇ ಕಸ್ಟಮ್ಸ್ ತಾಣದಲ್ಲಿ ನೋಡಿ. ಮುಖ್ಯ ವಿಷಯ ಯಾವ ಸುಂಕ ಶೀರ್ಷಿಕೆ (ವಸ್ತುವಿನ ವರ್ಗ ಸಂಖ್ಯೆ) ಎಂಬುದು: ಕಂಪ್ಯೂಟರಿಗೆ 8471, ಆಟದ ಕನ್ಸೋಲಿಗೆ 9504, ವೈಯಕ್ತಿಕ ಬಳಕೆಯ ಪಾರ್ಸೆಲ್‌ಗೆ 9804. ವ್ಯಕ್ತಿಯ ಹೆಸರಿಗೆ ಬಂದದ್ದನ್ನು ಕೊರಿಯರ್‌ನವರು ಸಾಮಾನ್ಯವಾಗಿ ಕೊನೆಯದರಲ್ಲೇ ಹಾಕುತ್ತಾರೆ. ಇನ್‌ವಾಯ್ಸಿನಲ್ಲಿ "ಗೇಮ್ ಕನ್ಸೋಲ್" ಎಂದು ಬರೆಯದೆ, ಇರುವಂತೆಯೇ "ಪೋರ್ಟಬಲ್ ಕಂಪ್ಯೂಟರ್ ಕಿಟ್, ಬ್ಯಾಟರಿ ಇಲ್ಲ" ಎಂದು ಬರೆಯಲು ಹೇಳಿ. ಬೆಲೆ ಕಡಿಮೆ ತೋರಿಸಿ ಎಂದು ಮಾತ್ರ ಕೇಳಬೇಡಿ. ಸಿಕ್ಕಿಬಿದ್ದರೆ ದಂಡ ಮಾರುವವರಿಗಲ್ಲ, ನಿಮಗೆ. ಆಧಾರ್ ಅಥವಾ ಪ್ಯಾನ್ ಕೆವೈಸಿಗೆ ಬೇಕಾಗುತ್ತದೆ. ಕೊರಿಯರ್ ಮೆಸೇಜಿನಲ್ಲಿ ಬಂದ ಲಿಂಕ್ ಒತ್ತದೆ, ಅವರ ತಾಣಕ್ಕೇ ಹೋಗಿ ಟ್ರ್ಯಾಕಿಂಗ್ ಸಂಖ್ಯೆ ಹಾಕಿ ಅಪ್‌ಲೋಡ್ ಮಾಡಿ.

ಹಣ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ವಸ್ತು ಬರದಿದ್ದರೆ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ಹಣ ವಾಪಸ್) ಕೇಳುವ ಅವಧಿ ಸಾಮಾನ್ಯವಾಗಿ 120 ದಿನ, ಅದನ್ನು ಮಾರುವವರು ಕೊಟ್ಟ ವಿತರಣೆ ದಿನಾಂಕದಿಂದ ಎಣಿಸುವುದುಂಟು. ಅದಕ್ಕೆ "ಶೀಘ್ರದಲ್ಲಿ" ಎಂಬ ಮಾತು ಸಾಲದು, ಮೇಲ್‌ನಲ್ಲಿ ದಿನಾಂಕ ಬರೆಸಿಕೊಳ್ಳಿ. ಬ್ಯಾಂಕ್ ವಿದೇಶಿ ವಿನಿಮಯಕ್ಕೆ ಶೇ 2ರಿಂದ 3.5ರಷ್ಟು ಹೆಚ್ಚಿಗೆ ಹಾಕುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

4ಜಿ ಕಾರ್ಡ್ ಬೇಕಾದರೆ ಬ್ಯಾಂಡ್ (ತರಂಗ ಪಟ್ಟಿ) ನೋಡಿ: ಜಿಯೊಗೆ 3, 5, 40 ಬೇಕು. ಅಮೆರಿಕಕ್ಕೆಂದು ಮಾಡಿದ ಕಾರ್ಡ್ ಇಲ್ಲಿ ಉಪಯೋಗಕ್ಕೆ ಬಾರದು. ನನ್ನನ್ನು ಕೇಳಿದರೆ ಕಾರ್ಡೇ ಬೇಡ, ಫೋನಿನ ಹಾಟ್‌ಸ್ಪಾಟ್ ಸಾಕು.

---

ಎಂಟುಬಿಟ್_ಎಳ್ಳುಹೋಳಿಗೆ, ಬಾಗಲಕೋಟೆ

ಇಷ್ಟೆಲ್ಲಾ ಯಾಕ್ರೀ? ಪಿಎಸ್‌ಪಿ ತನಕ ಆಡೂದಾದ್ರ ಆರ್‌ಕೆ3566 ಚಿಪ್ಪಿನ ಸಿದ್ಧ ಹ್ಯಾಂಡ್‌ಹೆಲ್ಡ್ ತಗೊಂಡು ರಾಕ್‌ನಿಕ್ಸ್ (ಆಟಕ್ಕಂತ ಮಾಡಿದ ಲಿನಕ್ಸ್) ಹಾಕ್ರಿ. ಬೆಲೆ ಭಾಳ ಕಡಿಮಿ, ಬ್ಯಾಟರಿ ಒಳಗ ಇರ್ತೈತಿ, ಅದರ ಮಾಲಿ ಜಿಪಿಯುಗೂ ಪ್ಯಾನ್‌ಫ್ರಾಸ್ಟ್ ಅಂತ ಓಪನ್ ಡ್ರೈವರ್ ಐತಿ.

---

ಕಡಕ್‌ರೊಟ್ಟಿ, ಬಾಗಲಕೋಟೆ

ಆಟ ಅಷ್ಟ ಬೇಕಂದ್ರ ನೀವು ಹೇಳೂದ ಸರಿ, ನಾನೂ ಅದನ್ನ ಹೇಳ್ತೀನಿ. ಆದ್ರ ಇವರಿಗೆ ಪೈಥಾನ್, ಕನ್ನಡ ಟೈಪಿಂಗ್ ಬೇಕು, ಕೀಬೋರ್ಡ್ ಇಲ್ದ ಅದು ಆಗೂದಿಲ್ಲ. ಕನ್ನಡಕ್ಕ ಡೆಬಿಯನ್‌ನಾಗ ಲೋಹಿತ್ ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟ್, ಟೈಪ್ ಮಾಡಾಕ ಐಬಸ್, ಎಂ17ಎನ್ ಹಾಕ್ರಿ. ನುಡಿಯ ಕೆಜಿಪಿ ಕೀಲಿಮಣೆ ಅದರಾಗ ಐತಿ. ಟರ್ಮಿನಲ್‌ನಾಗ ಒತ್ತಕ್ಷರ ಒಡದಂಗ ಕಾಣ್ತಾವ, ಫೈಲ್ ಕೆಟ್ಟಿರೂದಿಲ್ಲ, ಎಡಿಟರ್‌ನಾಗ ತೆರದ್ರ ಸರಿ ಬರ್ತೈತಿ.

---

ಉದ್ಯಮಬಾಗ್_ವರ್ನಿಯರ್, ಬೆಳಗಾವಿ

ಆರ್ಡರ್ ಮಾಡುವುದೇ ಆದರೆ ಅದೇ ಪಾರ್ಸೆಲ್‌ನಲ್ಲಿ ಬಿಡಿಭಾಗವನ್ನೂ ತರಿಸಿ. ರಿಪೇರಿಗೆ ವಾಪಸ್ ಕಳಿಸಿದರೆ ಮರಳಿ ಬರುವಾಗ ಮತ್ತೆ ಸುಂಕದ ತಕರಾರು ಏಳುತ್ತದೆ. ಬೇಕಾದವು ಮೂರು: ಬಟನ್ ಕೆಳಗಿನ ರಬ್ಬರ್ ಮೆಂಬ್ರೇನ್, ಪರದೆಯ ರಿಬ್ಬನ್ ಕೇಬಲ್, ಬ್ಯಾಟರಿ ಹೋಲ್ಡರ್ ಬೋರ್ಡ್. ಕವಚದ ಸ್ಟೆಪ್ ಫೈಲ್ (3ಡಿ ವಿನ್ಯಾಸ) ಕೊಟ್ಟಿದ್ದರೆ ಕವಚ, ಡಿ-ಪ್ಯಾಡ್ ಟೋಪಿ ಇಂಥವು ತರಿಸುವುದೇ ಬೇಡ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕಡಿಯುವ ಯಂತ್ರ) ಇರುವ ಯಾವ ಜಾಬ್‌ಶಾಪೂ ಕಡಿದು ಕೊಡುತ್ತದೆ. ರಬ್ಬರ್ ಮಾತ್ರ ಅಚ್ಚಿಲ್ಲದೆ ಆಗದು.

ಜೋಡಿಸುವಾಗ ಮೊದಲು ಮುರಿಯುವುದು ರಿಬ್ಬನ್ ಕನೆಕ್ಟರಿನ ಚಿಲಕ. ಅದನ್ನು ಉಗುರಿನಿಂದ ಮೇಲಕ್ಕೆತ್ತಿ, ರಿಬ್ಬನ್ನಿನ ಲೋಹದ ಮುಖ ಯಾವ ಕಡೆಗೆ ಎಂದು ಚಿತ್ರದಲ್ಲಿ ನೋಡಿ, ನೇರವಾಗಿ ಒಳಗೆ ತಳ್ಳಿ, ಆಮೇಲೆ ಚಿಲಕ ಇಳಿಸಿ. ಮೊದಲ ಬೂಟ್‌ನಲ್ಲಿ ಪರದೆ ಕಪ್ಪಾಗಿದ್ದರೆ ಬೋರ್ಡ್ ಸತ್ತಿದೆ ಎಂದು ಮೇಲ್ ಬರೆಯುವ ಮೊದಲು ಸೆಲ್ ಹೊರತೆಗೆದು ಈ ರಿಬ್ಬನ್ ಬಿಚ್ಚಿ ಮತ್ತೆ ಕೂರಿಸಿ. ಅರ್ಧ ಮಿಲಿಮೀಟರ್ ಓರೆಯಾದರೂ ಸಾಕು. ಕವಚದ ಸ್ಕ್ರೂಗಳನ್ನು ಸಣ್ಣ ಕೈ ಸ್ಕ್ರೂಡ್ರೈವರಿನಲ್ಲೇ ಬಿಗಿಯಿರಿ, ಅಲ್ಯೂಮಿನಿಯಂ ಮರೆ (ಥ್ರೆಡ್) ಎರಡನೇ ಸಲ ಕ್ಷಮಿಸುವುದಿಲ್ಲ.